ಸರ್ಕಾರಿ ಕಂಪನಿ ಮಾರಿದರೆ ಸುಧಾರಣೆ ಆಯ್ತಾ?

ಓದುಗರ ಪ್ರಶ್ನೆ: ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಬಡ ದೇಶಗಳು ಉದ್ಧಾರ ಆಗಬೇಕಾದರೆ ಸರ್ಕಾರ ವ್ಯಾಪಾರದಿಂದ ಹೊರಗೆ ಬರಬೇಕು, ಎಲ್ಲವನ್ನೂ ಖಾಸಗಿಯವರಿಗೆ ಬಿಡಬೇಕು ಅಂತ ನಮ್ಮ ಒಬ್ಬ ಮೇಷ್ಟ್ರು ಹೇಳುತ್ತಾರೆ. ಕೊರಿಯಾ, ಚೀನಾ ಮೇಲೆ ಬಂದಿದ್ದೇ ಸರ್ಕಾರದಿಂದ ಅಂತ ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಹತ್ತಿರವೂ ಉದಾಹರಣೆಗಳಿವೆ. ಹಾಗಾದರೆ ಸರ್ಕಾರಿ ಕಂಪನಿ ಮಾರುವುದೇ ಸುಧಾರಣೆಯಾ? ಕೊರಿಯಾ ಮಾಡಿದ್ದನ್ನು ಇವತ್ತಿನ ಬಡ ದೇಶ ಮಾಡಬಹುದಾ? ಮಾರಾಟದ ಸುದ್ದಿ ಓದುವಾಗ ನಾವು ಏನನ್ನು ಗಮನಿಸಬೇಕು?

ಉತ್ತರ:

ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಅಲ್ಲ. ಮಾರಾಟ ಸುಧಾರಣೆಯ ಒಂದು ಭಾಗ ಅಷ್ಟೇ. ಅದೂ ಸಾಮಾನ್ಯವಾಗಿ ಕೊನೆಗೆ ಬರಬೇಕಾದ ಭಾಗ. ಅದಕ್ಕೆ ಮುಂಚೆ ಎರಡು ಕೆಲಸ ಆಗಿರಬೇಕು. ಹೊಸಬರು ಒಳಗೆ ಬರಲು ಬಾಗಿಲು ತೆರೆದಿರಬೇಕು. ಬಂದವರು ದಾರಿ ತಪ್ಪಿದರೆ ಕೊಟ್ಟಿದ್ದನ್ನು ಕಿತ್ತುಕೊಳ್ಳುವ ಶಕ್ತಿ ಸರ್ಕಾರಕ್ಕೆ ಇರಬೇಕು. ಈ ಎರಡೂ ಇಲ್ಲದೆ ಮಾರಿದ ಎಷ್ಟೋ ಕಡೆ ಏಕಸ್ವಾಮ್ಯ ಹಾಗೇ ಉಳಿಯಿತು, ಮಾಲೀಕರು ಮಾತ್ರ ಬದಲಾದರು.

ನಿಮ್ಮ ಮೊದಲ ಮೇಷ್ಟ್ರ ಮಾತಿಗೂ ಒಂದು ಹಿನ್ನೆಲೆ ಇದೆ. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ತನ್ನ ವಿದೇಶಿ ಸಾಲ ತೀರಿಸಲು ಆಗುವುದಿಲ್ಲ ಅಂತ ಕೈಚೆಲ್ಲಿತು. ಅದರ ಬೆನ್ನಿಗೇ ಲ್ಯಾಟಿನ್ ಅಮೆರಿಕದ ಒಂದೊಂದೇ ದೇಶ ಅದೇ ಸ್ಥಿತಿಗೆ ಬಂತು. ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಮತ್ತು ವಿಶ್ವಬ್ಯಾಂಕ್ ಸಾಲ ಕೊಟ್ಟವು, ಜೊತೆಗೆ ಷರತ್ತುಗಳನ್ನೂ ಹಾಕಿದವು. 1989ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ವಿಲಿಯಮ್ಸನ್ ಆ ಷರತ್ತುಗಳ ಸಾರವನ್ನು 10 ಅಂಶಗಳಲ್ಲಿ ಬರೆದು ಅದಕ್ಕೆ 'ವಾಷಿಂಗ್ಟನ್ ಒಮ್ಮತ' ಅಂತ ಹೆಸರಿಟ್ಟರು. ಆ ಹತ್ತರಲ್ಲಿ ಖಾಸಗೀಕರಣ ಒಂದು ಮಾತ್ರ. ತೆರಿಗೆ ಜಾಲವನ್ನು ಅಗಲ ಮಾಡಬೇಕು, ಪ್ರಾಥಮಿಕ ಶಿಕ್ಷಣ ಮತ್ತು ಆರೋಗ್ಯದ ಕಡೆಗೆ ಖರ್ಚು ತಿರುಗಿಸಬೇಕು ಅನ್ನುವುದೂ ಅದರಲ್ಲಿತ್ತು. ಆದರೆ ಮಂತ್ರಿಗಳಿಗೂ ಸಾಲ ಕೊಟ್ಟವರಿಗೂ ಹಿಡಿಸಿದ್ದು ಮಾರಾಟ. ಯಾಕಂದರೆ ಅದರಿಂದ ಕೂಡಲೇ ದುಡ್ಡು ಬರುತ್ತದೆ. ತೆರಿಗೆ ಇಲಾಖೆ ಸರಿಮಾಡಲು ಹತ್ತಾರು ವರ್ಷ ಬೇಕು.

ಮೆಕ್ಸಿಕೊದ ಟೆಲಿಫೋನ್ ಕಥೆಯನ್ನೇ ನೋಡಿ. ಅಲ್ಲಿನ ಸರ್ಕಾರಿ ಕಂಪನಿ ಟೆಲ್‌ಮೆಕ್ಸ್‌ನ ಹಿಡಿತ 1990ರ ಡಿಸೆಂಬರ್‌ನಲ್ಲಿ ಉದ್ಯಮಿ ಕಾರ್ಲೋಸ್ ಸ್ಲಿಮ್ ಅವರ ಗುಂಪಿಗೆ ಹೋಯಿತು. ದೂರದ ಕರೆಗಳಲ್ಲಿ 1996ರವರೆಗೆ ಬೇರೆ ಯಾರಿಗೂ ಪ್ರವೇಶ ಇಲ್ಲ ಅನ್ನುವ ಭರವಸೆಯೂ ಅದರ ಜೊತೆಗೇ ಸಿಕ್ಕಿತು. ಟೆಲಿಕಾಂ ನಿಯಂತ್ರಣ ಸಂಸ್ಥೆ ಹುಟ್ಟಿದ್ದು ಕೂಡ 1996ರಲ್ಲಿ. ಅಂದರೆ ಮೊದಲು ಮಾರಿದರು, ಆರನೇ ವರ್ಷಕ್ಕೆ ಕಾವಲುಗಾರನನ್ನು ನೇಮಿಸಿದರು. ಅಷ್ಟರಲ್ಲಿ ಕಂಪನಿ ಎಷ್ಟು ಬಲಿತಿತ್ತು ಅಂದರೆ, ಸಂಸ್ಥೆ ಹೊರಡಿಸಿದ ಎಷ್ಟೋ ಆದೇಶಗಳು ಕೋರ್ಟಿನಲ್ಲಿ ವರ್ಷಗಟ್ಟಲೆ ಕೂತವು. ಹೊಸಬರು ಬಂದರೂ ಬೆಳೆಯಲು ಆಗಲಿಲ್ಲ. ಈ ಪೈಪೋಟಿಯ ಕೊರತೆಯಿಂದ 2005ರಿಂದ 2009ರವರೆಗೆ ಮೆಕ್ಸಿಕೊಗೆ ಆದ ನಷ್ಟ ಸುಮಾರು 12,900 ಕೋಟಿ ಡಾಲರ್ ಅಂತ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳಿರುವ ಒಕ್ಕೂಟ) 2012ರಲ್ಲಿ ಅಂದಾಜು ಮಾಡಿತು. ಕೊನೆಗೆ 2013ರಲ್ಲಿ ಸಂವಿಧಾನವನ್ನೇ ತಿದ್ದಿ ಹೊಸ ನಿಯಂತ್ರಣ ಸಂಸ್ಥೆ ಮಾಡಬೇಕಾಯಿತು.

ಭಾರತದ ಮೊಬೈಲ್ ಕ್ಷೇತ್ರ ಬೇರೆ ದಾರಿ ಹಿಡಿಯಿತು. ದೇಶದೊಳಗಿನ ಫೋನ್ ಸೇವೆ ಕೊಡುತ್ತಿದ್ದ ಸರ್ಕಾರಿ ವ್ಯವಸ್ಥೆಯನ್ನು ಮಾರಲಿಲ್ಲ. ಅದರ ಪಕ್ಕದಲ್ಲೇ ಖಾಸಗಿಯವರಿಗೆ ಲೈಸೆನ್ಸ್ ಕೊಟ್ಟರು. 1995ರ ಜುಲೈನಲ್ಲಿ ಮೊದಲ ಮೊಬೈಲ್ ಕರೆ ಹೋಯಿತು, 1997ರಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಬಂತು. ಭಾರವಾಗಿದ್ದ ನಿಗದಿತ ಲೈಸೆನ್ಸ್ ಶುಲ್ಕದ ಬದಲು ಆದಾಯದಲ್ಲಿ ಒಂದು ಪಾಲು ಕೊಡಿ ಅಂತ 1999ರ ನೀತಿ ಹೇಳಿತು. ಬಂದ ಕರೆಗೂ ದುಡ್ಡು ಕೊಡುತ್ತಿದ್ದ ಕಾಲ 2003ರಲ್ಲಿ ಮುಗಿಯಿತು. ಇಲ್ಲಿ ಎಲ್ಲವೂ ಸರಿ ಇತ್ತು ಅಂತಲ್ಲ. 2008ರಲ್ಲಿ ಕೊಟ್ಟ 2ಜಿ ಲೈಸೆನ್ಸ್‌ಗಳ ಪೈಕಿ 122ನ್ನು ಸುಪ್ರೀಂ ಕೋರ್ಟ್ 2012ರಲ್ಲಿ ರದ್ದು ಮಾಡಿತು. ಆದರೂ ಫೋನ್ ಬಡವರ ಕೈಗೆ ಬಂತು. ಅದಕ್ಕೆ ಕಾರಣ ಹೊಸಬರ ಪ್ರವೇಶ. 1991ರ ಸುಧಾರಣೆಯ ತಿರುಳೂ ಇದೇ ಆಗಿತ್ತು. ಆ ವರ್ಷದ ಕೈಗಾರಿಕಾ ನೀತಿ 18 ಉದ್ಯಮಗಳನ್ನು ಬಿಟ್ಟು ಉಳಿದ ಕಡೆ ಲೈಸೆನ್ಸ್ ತೆಗೆದುಹಾಕಿತು, ಸರ್ಕಾರಕ್ಕೆ ಮಾತ್ರ ಅಂತ ಮೀಸಲಿಟ್ಟಿದ್ದ ಕ್ಷೇತ್ರಗಳನ್ನು 17ರಿಂದ 8ಕ್ಕೆ ಇಳಿಸಿತು. ದೊಡ್ಡ ಕಂಪನಿಗಳ ಮಾರಾಟ ಬಂದಿದ್ದು ಎಷ್ಟೋ ವರ್ಷ ಆದಮೇಲೆ.

ಚೀನಾದ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1978ರ ಚಳಿಗಾಲದಲ್ಲಿ ಅನ್‌ಹುಯಿ ಪ್ರಾಂತ್ಯದ ಶಿಯಾಗಾಂಗ್ ಹಳ್ಳಿಯ 18 ರೈತ ಕುಟುಂಬಗಳು ಒಂದು ಗುಟ್ಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವು. ಕಮ್ಯೂನಿನ, ಅಂದರೆ ಎಲ್ಲರೂ ಒಟ್ಟಾಗಿ ದುಡಿಯುತ್ತಿದ್ದ ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರಕ್ಕೆ ಕೊಡಬೇಕಾದ ಧಾನ್ಯವನ್ನು ಕೊಟ್ಟು ಉಳಿದದ್ದನ್ನು ತಾವು ಇಟ್ಟುಕೊಳ್ಳುವುದು ಅಂತ ಅದರಲ್ಲಿತ್ತು. ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ಆಗುವವರೆಗೆ ಉಳಿದವರು ಸಾಕುತ್ತೇವೆ ಅಂತಲೂ ಬರೆದಿದ್ದರು. ಅಷ್ಟು ಭಯ ಇತ್ತು. ಮುಂದಿನ ಫಸಲು ಭರ್ಜರಿಯಾಗಿ ಬಂತು. ಪ್ರಾಂತ್ಯದ ನಾಯಕರು ಅವರನ್ನು ಶಿಕ್ಷಿಸಲಿಲ್ಲ, ಬದಲಿಗೆ ಬೆನ್ನಿಗೆ ನಿಂತರು. ನಾಲ್ಕೈದು ವರ್ಷದಲ್ಲಿ ಈ ಪದ್ಧತಿ ಹೆಚ್ಚೂಕಡಿಮೆ ಇಡೀ ದೇಶದ ಹಳ್ಳಿಗಳಿಗೆ ಹಬ್ಬಿತು.

ಇಲ್ಲಿ ಜಮೀನಿನ ಒಡೆತನ ಬದಲಾಗಲಿಲ್ಲ. ಇವತ್ತಿಗೂ ಚೀನಾದ ರೈತನಿಗೆ ಇರುವುದು ಬಳಸುವ ಹಕ್ಕು ಮಾತ್ರ. ಬದಲಾಗಿದ್ದು ಜಾಸ್ತಿ ಬೆಳೆದರೆ ಅದು ಯಾರಿಗೆ ಸೇರುತ್ತದೆ ಅನ್ನುವ ಲೆಕ್ಕ. ಮುಂದೆ ಕಾರ್ಖಾನೆಗಳಲ್ಲೂ ಇದನ್ನೇ ಮಾಡಿದರು. ಯೋಜನೆಯಲ್ಲಿ ನಿಗದಿಯಾದಷ್ಟು ಸರಕನ್ನು ಸರ್ಕಾರಿ ಬೆಲೆಗೆ ಕೊಡಬೇಕು, ಅದಕ್ಕಿಂತ ಹೆಚ್ಚು ತಯಾರಾದರೆ ಮಾರುಕಟ್ಟೆ ಬೆಲೆಗೆ ಮಾರಿಕೊಳ್ಳಬಹುದು. ಒಂದೇ ಉಕ್ಕಿಗೆ ಎರಡು ಬೆಲೆ. ಇದರಿಂದ ಕೆಟ್ಟದ್ದೂ ಆಯಿತು. ಅಧಿಕಾರಿಗಳು ಕಡಿಮೆ ಬೆಲೆಗೆ ಎತ್ತಿ ಹೆಚ್ಚಿನ ಬೆಲೆಗೆ ಮಾರಿ ದುಡ್ಡು ಮಾಡಿಕೊಂಡರು, 1988ರಲ್ಲಿ ಹಣದುಬ್ಬರ ಜನರ ಸಿಟ್ಟಿಗೆ ಕಾರಣವಾಯಿತು. ಆದರೆ ಹಳೇ ಕಾರ್ಖಾನೆ ಮುಚ್ಚಿ ಜನ ಬೀದಿಗೆ ಬೀಳುವ ಮುಂಚೆ ಹೊಸ ಉದ್ಯಮಗಳು ಎದ್ದು ನಿಂತಿದ್ದವು. ಊರು, ಪಟ್ಟಣಗಳ ಆಡಳಿತವೇ ಶುರುಮಾಡಿದ ಸಣ್ಣ ಕಾರ್ಖಾನೆಗಳು, ಆಮೇಲೆ ಖಾಸಗಿ ಕಂಪನಿಗಳು, ಶೆನ್‌ಜೆನ್‌ನಂಥ ವಿಶೇಷ ವಲಯಗಳಲ್ಲಿ ವಿದೇಶಿ ಬಂಡವಾಳ. ಸರ್ಕಾರಿ ಕಾರ್ಖಾನೆಗಳನ್ನು ದೊಡ್ಡ ಮಟ್ಟದಲ್ಲಿ ಮಾರಿದ್ದು, ಮುಚ್ಚಿದ್ದು 1990ರ ದಶಕದ ಕೊನೆಯ ಭಾಗದಲ್ಲಿ. ಆಗ ಕೋಟಿಗಟ್ಟಲೆ ಜನ ಕೆಲಸ ಕಳೆದುಕೊಂಡರು. ಆ ನೋವು ಸಣ್ಣದಲ್ಲ. ಆದರೆ ಅಷ್ಟು ಹೊತ್ತಿಗೆ ಅವರಲ್ಲಿ ಎಷ್ಟೋ ಜನರಿಗೆ ಬೇರೆ ಕಡೆ ಕೆಲಸ ಹುಡುಕಲು ಜಾಗ ಇತ್ತು.

ರಷ್ಯಾದಲ್ಲಿ ಕ್ರಮ ತಲೆಕೆಳಗಾಯಿತು. 1992ರ ಜನವರಿಯಲ್ಲಿ ಬೆಲೆಗಳನ್ನು ಬಿಟ್ಟರು, ಅದೇ ವರ್ಷ ಜನರಿಗೆ ವೋಚರ್ (ಷೇರು ಕೊಳ್ಳಲು ಬಳಸುವ ಚೀಟಿ) ಹಂಚಿ ಸಾವಿರಾರು ಕಂಪನಿಗಳನ್ನು ಖಾಸಗಿ ಮಾಡಲು ಹೊರಟರು. 1995ರಲ್ಲಿ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಆಗ ಬ್ಯಾಂಕುಗಳಿಂದ ಸಾಲ ಪಡೆದು ಒಳ್ಳೊಳ್ಳೆ ಕಂಪನಿಗಳ ಷೇರನ್ನು ಅಡ ಇಟ್ಟರು. ಗಣಿ ಕಂಪನಿ ನೋರಿಲ್ಸ್ಕ್ ನಿಕಲ್‌ನ 38% ಷೇರಿನ ಹರಾಜನ್ನು ನಡೆಸಿದ ಬ್ಯಾಂಕೇ ಅದನ್ನು ಗೆದ್ದುಕೊಂಡಿತು. ಕನಿಷ್ಠ ಬೆಲೆ 17 ಕೋಟಿ ಡಾಲರ್, ಹೋಗಿದ್ದು 17.01 ಕೋಟಿಗೆ. ಎರಡರಷ್ಟು ಕೂಗಿದ ಇನ್ನೊಬ್ಬರ ಬಿಡ್ ತಳ್ಳಿಹಾಕಿದರು. ಇದನ್ನು ಖಾಸಗಿಯವರ ದಕ್ಷತೆಯ ಉದಾಹರಣೆ ಅಂತಲೋ, ಸರ್ಕಾರದ ವೈಫಲ್ಯ ಅಂತಲೋ ಒಂದೇ ಕಡೆಗೆ ಹಾಕಲು ಆಗುವುದಿಲ್ಲ. ಮಾರುವವರು ಮತ್ತು ಕೊಳ್ಳುವವರ ನಡುವೆ ಗೆರೆಯೇ ಇರಲಿಲ್ಲ.

ಈಗ ನಿಮ್ಮ ಎರಡನೇ ಮೇಷ್ಟ್ರ ಕೊರಿಯಾ. 1961ರಲ್ಲಿ ಅಧಿಕಾರ ಹಿಡಿದ ಪಾರ್ಕ್ ಚುಂಗ್ ಹೀ ಬ್ಯಾಂಕುಗಳನ್ನು ಸರ್ಕಾರದ ಕೈಗೆ ತೆಗೆದುಕೊಂಡರು. ಯಾರಿಗೆ ಸಾಲ, ಯಾವ ಬಡ್ಡಿಗೆ ಅನ್ನುವುದನ್ನು ಸರ್ಕಾರ ತೀರ್ಮಾನಿಸಿತು. ಇದನ್ನು ಎಷ್ಟೋ ದೇಶಗಳು ಮಾಡಿವೆ, ಕೆಟ್ಟೂ ಹೋಗಿವೆ. ಕೊರಿಯಾ ಜೊತೆಗೆ ಇನ್ನೊಂದು ಮಾಡಿತು. ಅಗ್ಗದ ಸಾಲ ಬೇಕಾದರೆ ರಫ್ತು ಮಾಡಿ ತೋರಿಸಬೇಕು. ಅಧ್ಯಕ್ಷರೇ ಪ್ರತಿ ತಿಂಗಳು ರಫ್ತಿನ ಸಭೆ ನಡೆಸುತ್ತಿದ್ದರು, ಗುರಿ ಮುಟ್ಟದ ಕಂಪನಿಗೆ ಸಾಲ ಕಡಿತವಾಗುತ್ತಿತ್ತು. ದೇಶದೊಳಗೆ ಮಂತ್ರಿಗಳನ್ನು ಹಿಡಿದು ಲಾಭ ಮಾಡಬಹುದು, ಆದರೆ ಹೊರದೇಶದ ಗ್ರಾಹಕ ಸರಕು ಚೆನ್ನಾಗಿದ್ದರೆ ಮಾತ್ರ ಕೊಳ್ಳುತ್ತಾನೆ. ಕಂಪನಿ ನಿಜವಾಗಿ ಕಲಿಯುತ್ತಿದೆಯಾ ಅಂತ ಸರ್ಕಾರಕ್ಕೆ ಪುಕ್ಕಟೆಯಾಗಿ ತಿಳಿಸುತ್ತಿದ್ದವನು ಆ ಗ್ರಾಹಕ. 1964ರಲ್ಲಿ 10 ಕೋಟಿ ಡಾಲರ್ ಇದ್ದ ರಫ್ತು 1977ಕ್ಕೆ 1,000 ಕೋಟಿ ಡಾಲರ್ ಆಯಿತು.

ಪೊಹಾಂಗ್ ಉಕ್ಕಿನ ಕಾರ್ಖಾನೆಯನ್ನು ಸರ್ಕಾರವೇ 1968ರಲ್ಲಿ ಶುರುಮಾಡಿತು. ವಿದೇಶಿ ಸಾಲದಾತರು ಈ ಯೋಜನೆ ನಡೆಯುವುದಿಲ್ಲ ಅಂತ ಹಿಂದೆ ಸರಿದರು. ವಸಾಹತು ಕಾಲದ ಪರಿಹಾರವಾಗಿ ಜಪಾನ್ ಕೊಟ್ಟ ಹಣದಲ್ಲಿ ಕಾರ್ಖಾನೆ ಎದ್ದಿತು, 1973ರಲ್ಲಿ ಉಕ್ಕು ಬಂತು. ಅದನ್ನು ಪೂರ್ತಿ ಖಾಸಗಿ ಮಾಡಿದ್ದು 2000ದಲ್ಲಿ, ಜಗತ್ತಿನ ದಕ್ಷ ಉಕ್ಕಿನ ಕಂಪನಿಗಳಲ್ಲಿ ಒಂದು ಅಂತ ಹೆಸರು ಬಂದ ಮೇಲೆ. ಸರ್ಕಾರಿ ಒಡೆತನ ಅಂದರೆ ನಷ್ಟ ಅನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಆದರೆ ಕೊರಿಯಾವನ್ನು ಹೊಗಳುವವರು ಬಿಟ್ಟುಬಿಡುವ ಭಾಗವೂ ಇದೆ. ಕಾರ್ಮಿಕ ಸಂಘಗಳನ್ನು ಪೊಲೀಸರಿಂದ ತುಳಿದರು. ಕಾಲ ಕಳೆದಂತೆ ಕಂಪನಿಗಳು ಎಷ್ಟು ದೊಡ್ಡದಾದವು ಅಂದರೆ, ಸಾಲ ನಿಲ್ಲಿಸುವ ಧೈರ್ಯ ಸರ್ಕಾರಕ್ಕೆ ಉಳಿಯಲಿಲ್ಲ. 1997ರ ಜನವರಿಯಲ್ಲಿ ಹಾನ್‌ಬೋ ಸ್ಟೀಲ್ ಬಿದ್ದಾಗ, ರಾಜಕೀಯ ಪ್ರಭಾವದಿಂದ ಅದಕ್ಕೆ ಸುರಿದ ಸಾಲದ ಕಥೆ ಹೊರಬಂತು. ಆ ವರ್ಷದ ಕೊನೆಗೆ ಕೊರಿಯಾ ಐಎಂಎಫ್ ಬಾಗಿಲಲ್ಲಿ ನಿಂತಿತ್ತು. 1999ರಲ್ಲಿ ದೇವೂ ಅನ್ನುವ ದೈತ್ಯ ಉದ್ಯಮ ಗುಂಪು ಕುಸಿಯಿತು. ಕೊಟ್ಟದ್ದನ್ನು ವಾಪಸ್ ಪಡೆಯುವ ಶಕ್ತಿ ಇದ್ದಷ್ಟು ದಿನ ಅದೇ ನೀತಿ ಕೆಲಸ ಮಾಡಿತು. ಶಕ್ತಿ ಹೋದಾಗ ಅದೇ ನೀತಿ ದೇಶವನ್ನು ಮುಳುಗಿಸಿತು.

ಈ ದೇವೂ ಕಂಪನಿಯೇ ಬಾಂಗ್ಲಾದೇಶದ ಕಥೆಯಲ್ಲೂ ಬರುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಉದಾಹರಣೆ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶ್ರೀಮಂತ ದೇಶಗಳು ಆಗ ಸಿದ್ಧ ಉಡುಪಿನ ಆಮದಿಗೆ ದೇಶವಾರು ಕೋಟಾ ಹಾಕಿದ್ದವು. ಕೊರಿಯಾದ ಕೋಟಾ ತುಂಬಿತ್ತು. ಬಾಂಗ್ಲಾದೇಶದಿಂದ ಉಡುಪು ರಫ್ತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು, ಹಾಗಾಗಿ ಅದಕ್ಕೆ ಮಿತಿಯೂ ಇರಲಿಲ್ಲ. ದೇವೂ ಅಲ್ಲಿನ ದೇಶ್ ಗಾರ್ಮೆಂಟ್ಸ್ ಅನ್ನುವ ಹೊಸ ಖಾಸಗಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ದೇಶ್‌ನ ಸ್ಥಾಪಕರು ನೂರುಲ್ ಖಾದರ್, ಸರ್ಕಾರಿ ಅಧಿಕಾರಿಯಾಗಿದ್ದವರು. 1979ರಲ್ಲಿ ಸುಮಾರು 130 ಜನ ಕೊರಿಯಾದ ಬುಸಾನ್‌ಗೆ ಹೋಗಿ ಆರು ತಿಂಗಳು ಕಟಿಂಗ್, ಹೊಲಿಗೆ, ಮೇಲ್ವಿಚಾರಣೆ, ಮಾರ್ಕೆಟಿಂಗ್ ಎಲ್ಲ ಕಲಿತು ಬಂದರು. ಮುಂದಿನ ಕೆಲವು ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಜನ ದೇಶ್ ಬಿಟ್ಟು ತಮ್ಮದೇ ಕಾರ್ಖಾನೆ ಹಾಕಿದರು ಅಥವಾ ಬೇರೆ ಕಾರ್ಖಾನೆ ಸೇರಿದರು. ಕಲಿತದ್ದು ಹೀಗೆ ಹರಡಿತು.

ಇದು ಅಪ್ಪಟ ಖಾಸಗಿ ಸಾಹಸದ ಕಥೆ ಅನಿಸುತ್ತದೆ, ಅಲ್ವಾ? ಆದರೆ ಶರ್ಟ್ ಹೊಲಿಯಲು ಬಟ್ಟೆ ಹೊರದೇಶದಿಂದ ಬರಬೇಕಿತ್ತು. ಆಮದು ಸುಂಕ ಜಾಸ್ತಿ ಇತ್ತು. ಸುಂಕ ಕಟ್ಟಿ ಬಟ್ಟೆ ತರಿಸಿದರೆ ರಫ್ತು ಮಾಡುವ ಬೆಲೆ ಗಿಟ್ಟುತ್ತಿರಲಿಲ್ಲ. ಹಾಗಂತ ಇಡೀ ದೇಶದ ಸುಂಕ ತೆಗೆಯಲು ಸರ್ಕಾರ ಸಿದ್ಧವಿರಲಿಲ್ಲ, ಸರ್ಕಾರದ ಆದಾಯವೇ ಆ ಸುಂಕದಿಂದ ನಡೆಯುತ್ತಿತ್ತು. ಸರ್ಕಾರ ಎರಡು ವ್ಯವಸ್ಥೆ ಮಾಡಿಕೊಟ್ಟಿತು. ಒಂದು, ಬಾಂಡೆಡ್ ವೇರ್‌ಹೌಸ್. ಬಟ್ಟೆ ಸುಂಕ ಇಲ್ಲದೆ ಬಂದು ಕಸ್ಟಮ್ಸ್ ಲೆಕ್ಕದಲ್ಲಿರುವ ಗೋದಾಮಿಗೆ ಹೋಗುತ್ತದೆ, ಉಡುಪಾಗಿ ಹೊರದೇಶಕ್ಕೇ ಹೋಗಬೇಕು. ಇನ್ನೊಂದು, ಬ್ಯಾಕ್ ಟು ಬ್ಯಾಕ್ ಎಲ್‌ಸಿ. ಹೊರದೇಶದ ಖರೀದಿದಾರ ತೆರೆದ ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ, ಅಂದರೆ ಸರಕು ಕಳಿಸಿದರೆ ದುಡ್ಡು ಕೊಡುತ್ತೇವೆ ಅನ್ನುವ ಬ್ಯಾಂಕಿನ ಖಾತ್ರಿ ಪತ್ರ) ಆಧಾರದ ಮೇಲೆ ಬ್ಯಾಂಕ್ ಬಟ್ಟೆ ತರಿಸಲು ಇನ್ನೊಂದು ಎಲ್‌ಸಿ ತೆರೆಯುತ್ತದೆ. ಕೈಯಲ್ಲಿ ದೊಡ್ಡ ಬಂಡವಾಳ ಇಲ್ಲದವನೂ ಕಾರ್ಖಾನೆ ಶುರುಮಾಡಬಹುದು. ಸರ್ಕಾರ ಒಂದು ಶರ್ಟನ್ನೂ ಹೊಲಿಯಲಿಲ್ಲ. ಆದರೆ ಈ ಎರಡು ಕಾಗದದ ವ್ಯವಸ್ಥೆ ಇಲ್ಲದಿದ್ದರೆ ಆ 130 ಜನರ ಕಲಿಕೆ ಅಲ್ಲೇ ಒಣಗುತ್ತಿತ್ತು.

ಅದೇ ದೇಶ 1982ರಲ್ಲಿ ಸೆಣಬು ಮತ್ತು ಬಟ್ಟೆಯ ಸರ್ಕಾರಿ ಗಿರಣಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಖಾಸಗಿಯವರಿಗೆ ಕೊಟ್ಟಿತು. ಆಗ ಸುಧಾರಣೆ ಅಂದರೆ ಅದೇ ಅಂತ ಎಲ್ಲರೂ ಅಂದುಕೊಂಡಿದ್ದರು. ಬೆಳವಣಿಗೆ ಆ ಗಿರಣಿಗಳಿಂದ ಬರಲಿಲ್ಲ. ಬಂದಿದ್ದು ಹೊಸ ಉಡುಪು ಕಾರ್ಖಾನೆಗಳಿಂದ. ಇವತ್ತು ದೇಶದ ರಫ್ತಿನ 80%ಗಿಂತ ಜಾಸ್ತಿ ಉಡುಪು, ಸುಮಾರು 40 ಲಕ್ಷ ಜನರಿಗೆ ಕೆಲಸ, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಮತ್ತೆ ಅದೇ ಕ್ಷೇತ್ರದಲ್ಲಿ 2013ರ ಏಪ್ರಿಲ್ 24 ಬಂತು. ಢಾಕಾ ಹತ್ತಿರದ ಸಾವಾರ್‌ನಲ್ಲಿ ಎಂಟು ಮಹಡಿಯ ರಾಣಾ ಪ್ಲಾಜಾ ಕುಸಿಯಿತು. ಮೇಲಿನ ಮಹಡಿಗಳಿಗೆ ಅನುಮತಿ ಇರಲಿಲ್ಲ. ಹಿಂದಿನ ದಿನವೇ ಗೋಡೆ, ಕಂಬಗಳಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕ್ ಶಾಖೆ ತನ್ನ ಸಿಬ್ಬಂದಿಯನ್ನು ಹೊರಗೆ ಕಳಿಸಿತು. ಉಡುಪು ಕಾರ್ಖಾನೆಗಳ ಕೆಲಸಗಾರರನ್ನು ಮಾತ್ರ ಬೆಳಗ್ಗೆ ಒಳಗೆ ಕರೆದರು. 1,134 ಜನ ಸತ್ತರು. ರಫ್ತಿಗೆ ಬೇಕಾದ ಕಸ್ಟಮ್ಸ್ ಲೆಕ್ಕ ಇಡುವುದನ್ನು ಕಲಿತ ಸರ್ಕಾರ ಕಟ್ಟಡ ಪರೀಕ್ಷೆ ಮಾಡುವುದನ್ನು ಕಲಿತಿರಲಿಲ್ಲ. ಕಾರ್ಖಾನೆ ಮಾಲೀಕರಲ್ಲಿ ಹಲವರು ಸಂಸತ್ತಿನಲ್ಲೇ ಕೂತಿದ್ದರು ಅನ್ನುವುದನ್ನೂ ಇಲ್ಲಿ ಮರೆಯಬಾರದು. ಆಮೇಲೆ ವಿದೇಶಿ ಬ್ರ್ಯಾಂಡ್‌ಗಳು ಕಾರ್ಮಿಕ ಸಂಘಗಳ ಜೊತೆ ಕಾನೂನಿಗೆ ಬದ್ಧವಾದ ಒಪ್ಪಂದ ಮಾಡಿಕೊಂಡು 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಪರೀಕ್ಷಿಸಿದವು. ಸರ್ಕಾರ ಮಾಡಬೇಕಿದ್ದ ಕೆಲಸವನ್ನು ಖಾಸಗಿಯವರು ಮಾಡಿದ ಅಪರೂಪದ ಉದಾಹರಣೆ. ಆದರೆ ಅದು ಸಾವಿರಕ್ಕೂ ಹೆಚ್ಚು ಜೀವ ಹೋದಮೇಲೆ, ರಫ್ತು ಕಾರ್ಖಾನೆಗಳಿಗೆ ಮಾತ್ರ.

ಪೈಪೋಟಿಯೇ ಸಾಧ್ಯವಿಲ್ಲದ ಕಡೆ ಏನು ಮಾಡಬೇಕು? ಕುಡಿಯುವ ನೀರು ಅಂಥದ್ದು. ಒಂದು ಬೀದಿಗೆ ಎರಡು ಕಂಪನಿಯ ಪೈಪ್ ಹಾಕಲು ಆಗುವುದಿಲ್ಲ. ಬೊಲಿವಿಯಾದ ಕೋಚಬಂಬಾ ನಗರ 1999ರಲ್ಲಿ ತನ್ನ ನೀರನ್ನು 40 ವರ್ಷಕ್ಕೆ ಒಂದು ಖಾಸಗಿ ಒಕ್ಕೂಟಕ್ಕೆ ಕೊಟ್ಟಿತು. ಟೆಂಡರ್‌ಗೆ ಬಂದಿದ್ದು ಅದೊಂದೇ. ಲಾಭದ ದರಕ್ಕೆ ಒಪ್ಪಂದದಲ್ಲೇ ಖಾತ್ರಿ ಇತ್ತು. ನೀರಿನ ಬಿಲ್ ಏರಿತು, ಜನ ತಾವೇ ತೋಡಿಕೊಂಡ ಬಾವಿಗಳೂ ಕಂಪನಿಯ ಪಾಲಾಗುತ್ತವೆ ಅನ್ನುವ ಭಯ ಹಬ್ಬಿತು. 2000ದ ಏಪ್ರಿಲ್‌ನಲ್ಲಿ ಭಾರೀ ಪ್ರತಿಭಟನೆಗಳ ನಂತರ ಒಪ್ಪಂದ ರದ್ದಾಯಿತು. ಇದು ಜನರ ಗೆಲುವು, ನಿಜ. ಆದರೆ ನೀರು ಮತ್ತೆ ಸರ್ಕಾರಿ ಸಂಸ್ಥೆಯ ಕೈಗೆ ಬಂದಮೇಲೂ ನಗರದ ದಕ್ಷಿಣ ಭಾಗದ ಬಡವರು ವರ್ಷಗಟ್ಟಲೆ ಟ್ಯಾಂಕರ್ ನೀರನ್ನೇ ಕೊಂಡರು.

ಫಿಲಿಪ್ಪೀನ್ಸ್‌ನ ಮನಿಲಾ 1997ರಲ್ಲಿ ನಗರವನ್ನು ಪೂರ್ವ, ಪಶ್ಚಿಮ ಅಂತ ಭಾಗ ಮಾಡಿ ಇಬ್ಬರಿಗೆ ಕೊಟ್ಟಿತು. ಪೂರ್ವದವರು ಸೋರಿಕೆ ಕಡಿಮೆ ಮಾಡಿ ಬಡಾವಣೆಗಳಿಗೆ ನೀರು ಮುಟ್ಟಿಸಿದರು. ಪಶ್ಚಿಮದವರು ಸಾಲದಲ್ಲಿ ಮುಳುಗಿದರು, ಸರ್ಕಾರ ಮಧ್ಯೆ ಬಂದು ಮತ್ತೆ ಹೊಸಬರಿಗೆ ಕೊಡಬೇಕಾಯಿತು. ಒಂದೇ ಊರು, ಒಂದೇ ವರ್ಷ, ಎರಡು ಫಲ. ಇಬ್ಬರು ಇದ್ದದ್ದರಿಂದಲೇ ಯಾರು ಸುಳ್ಳು ಲೆಕ್ಕ ಕೊಡುತ್ತಿದ್ದಾರೆ ಅಂತ ಹೋಲಿಸಿ ನೋಡಲು ದಾರಿ ಆಯಿತು. ಏಕಸ್ವಾಮ್ಯವನ್ನು ಮಾರಲೇಬೇಕು ಅಂದರೆ ಕನಿಷ್ಠ ಹೀಗೆ ಮಾರಬೇಕು ಅನ್ನುವುದು ನನ್ನ ಅಭಿಪ್ರಾಯ.

ನಿಯಮ ಮೊದಲು ಅಂತ ನಾನು ಹೇಳಿದ್ದನ್ನು ಎಲ್ಲ ಕಡೆಗೂ ಅನ್ವಯಿಸಬೇಡಿ. ಹೊಸ ತಂತ್ರಜ್ಞಾನ ಬಂದಾಗ ಪೂರ್ತಿ ಕಾಯ್ದೆ ಬರುವವರೆಗೆ ಕಾಯುವುದೂ ತಪ್ಪಾಗಬಹುದು. ಕೀನ್ಯಾದಲ್ಲಿ 2007ರಲ್ಲಿ ಫೋನ್ ಮೂಲಕ ಹಣ ಕಳಿಸುವ ಎಂ-ಪೆಸಾ ಶುರುವಾದಾಗ ಅದಕ್ಕೆ ಕಾನೂನೇ ಇರಲಿಲ್ಲ. ಕೇಂದ್ರ ಬ್ಯಾಂಕ್ ಆಕ್ಷೇಪಣೆ ಇಲ್ಲ ಅಂತ ಪತ್ರ ಕೊಟ್ಟಿತು. ಒಂದು ವಿಷಯವನ್ನು ಮಾತ್ರ ಬಿಗಿಯಾಗಿ ಹಿಡಿಯಿತು: ಜನರ ಹಣ ಬ್ಯಾಂಕಿನಲ್ಲಿ ಟ್ರಸ್ಟ್ ಖಾತೆಯಲ್ಲಿ ಇರಬೇಕು, ಕಂಪನಿ ಮುಟ್ಟುವಂತಿಲ್ಲ. ಕಾಯ್ದೆ ಬಂದಿದ್ದು 2011ರಲ್ಲಿ. ಅಪಾಯ ಎಲ್ಲಿದೆ ಅಂತ ಗೊತ್ತಿದ್ದ ಅಧಿಕಾರಿಗಳಿದ್ದರೆ ಒಂದು ಪುಟದ ಷರತ್ತೂ ಸಾಕಾಗುತ್ತದೆ.

ಎರಡನೇ ಪ್ರಶ್ನೆ: ಇವತ್ತು ಕೊರಿಯಾದಂತೆ ಮಾಡಬಹುದಾ? ಹಾಗೇ ನಕಲು ಮಾಡಲು ಆಗುವುದಿಲ್ಲ. 1995ರಲ್ಲಿ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಬಂದಮೇಲೆ ರಫ್ತಿಗೆ ನೇರ ಸಬ್ಸಿಡಿ ಕೊಡುವುದು ತೀರಾ ಬಡ ದೇಶಗಳಿಗೆ ಬಿಟ್ಟರೆ ಉಳಿದವರಿಗೆ ನಿಷಿದ್ಧ. ವಿದೇಶಿ ಕಂಪನಿಗೆ ಇಂತಿಷ್ಟು ಬಿಡಿಭಾಗ ಇಲ್ಲೇ ಕೊಳ್ಳಿ ಅಂತ ಹೇಳುವುದಕ್ಕೂ ತಡೆ ಇದೆ. ಆದರೆ ಬಂದರು, ವಿದ್ಯುತ್, ತರಬೇತಿ, ಸುಂಕ ವಾಪಸಾತಿ, ಸಂಶೋಧನೆಗೆ ಬೆಂಬಲ ಇವೆಲ್ಲಕ್ಕೆ ದಾರಿ ಇದೆ. ಇವುಗಳಿಗೆ ದುಡ್ಡು ಬೇಕು. ಒಇಸಿಡಿ ದೇಶಗಳು ಸರಾಸರಿ ಜಿಡಿಪಿಯ ಮೂರನೇ ಒಂದು ಭಾಗದಷ್ಟನ್ನು ತೆರಿಗೆಯಾಗಿ ಸಂಗ್ರಹಿಸುತ್ತವೆ. ಎಷ್ಟೋ ಬಡ ದೇಶಗಳು 15%ಕ್ಕೂ ಮುಟ್ಟುವುದಿಲ್ಲ. ಆದ್ದರಿಂದ ಯಾವ ದೇಶ ಸಲಹೆ ಕೇಳಿದರೂ ನಾನು ಮೊದಲು ತೆರಿಗೆ ಇಲಾಖೆ ತೋರಿಸಿ ಅನ್ನುತ್ತೇನೆ. ಸರ್ಕಾರ ಚಿಕ್ಕದಾಗಬೇಕು ಅನ್ನುವವರಿಗೂ ದೊಡ್ಡದಾಗಬೇಕು ಅನ್ನುವವರಿಗೂ ಕೆಲಸ ಬಲ್ಲ ತೆರಿಗೆ ಅಧಿಕಾರಿ ಬೇಕೇ ಬೇಕು.

ಇನ್ನು ಮಾರಾಟದ ಸುದ್ದಿ ಓದುವಾಗ. ಬೆಲೆ ಎಷ್ಟು ಅನ್ನುವುದು ತಲೆಬರಹದಲ್ಲೇ ಇರುತ್ತದೆ, ಅದನ್ನು ಸ್ವಲ್ಪ ಬದಿಗಿಡಿ. ಎಷ್ಟು ಜನ ಬಿಡ್ ಮಾಡಿದರು ನೋಡಿ. ಕೊಂಡವರಿಗೆ ಇಂತಿಷ್ಟು ವರ್ಷ ಬೇರೆ ಯಾರನ್ನೂ ಬಿಡುವುದಿಲ್ಲ ಅನ್ನುವ ಭರವಸೆ ಸಿಕ್ಕಿದೆಯಾ ಹುಡುಕಿ. ದರ ನಿಗದಿ ಮಾಡುವ ಸಂಸ್ಥೆ ಮಾರಾಟಕ್ಕಿಂತ ಮುಂಚೆ ಇತ್ತಾ, ಅದರ ಮುಖ್ಯಸ್ಥರನ್ನು ಮಂತ್ರಿ ಇಷ್ಟ ಬಂದಾಗ ತೆಗೆಯಬಹುದಾ ತಿಳಿದುಕೊಳ್ಳಿ. ಕೊಂಡವರು ದುಡ್ಡು ಎಲ್ಲಿಂದ ತಂದರು ಅನ್ನುವುದೂ ಮುಖ್ಯ. ಚಿಲಿಯಲ್ಲಿ 1970ರ ದಶಕದಲ್ಲಿ ದೊಡ್ಡ ಉದ್ಯಮ ಗುಂಪುಗಳು ಸಾಲದ ಮೇಲೆ ಬ್ಯಾಂಕ್ ಕೊಂಡವು, ಆ ಬ್ಯಾಂಕಿನಿಂದ ತಮ್ಮದೇ ಕಂಪನಿಗಳಿಗೆ ಸಾಲ ಕೊಟ್ಟುಕೊಂಡವು. 1982ರಲ್ಲಿ ಎಲ್ಲ ಕುಸಿದಾಗ, ಮಾರುಕಟ್ಟೆಯ ಮೇಲೆ ಅಷ್ಟೊಂದು ನಂಬಿಕೆ ಇಟ್ಟಿದ್ದ ಅದೇ ಸರ್ಕಾರ 1983ರ ಜನವರಿಯಲ್ಲಿ ದೊಡ್ಡ ಬ್ಯಾಂಕುಗಳನ್ನು ತನ್ನ ಕೈಗೆ ತೆಗೆದುಕೊಳ್ಳಬೇಕಾಯಿತು. ಕೊನೆಯದಾಗಿ, ಮಾರಿದ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ. ಅದು ಸಾಲ ತೀರಿಸಲು ಅಥವಾ ಹೊಸ ರಸ್ತೆ, ಶಾಲೆಗೆ ಹೋದರೆ ಒಂದು ಆಸ್ತಿ ಹೋಗಿ ಇನ್ನೊಂದು ಬಂತು. ಆ ವರ್ಷದ ಸಂಬಳ, ಬಡ್ಡಿ ಕಟ್ಟಲು ಹೋದರೆ ಮುಂದಿನ ವರ್ಷದ ಬಜೆಟ್‌ನಲ್ಲಿ ಅಷ್ಟೇ ಕೊರತೆ ಮತ್ತೆ ಇರುತ್ತದೆ, ಕಂಪನಿ ಇರುವುದಿಲ್ಲ.